ಗಾಬರಿಯ ಮೊದಲ ಮೂರು ಸೆಕೆಂಡು: ತಾಯ್ ಚಿ ಕಲಿಸುವ ಸಮಾಧಾನ

[ಪರದೆ ಕಪ್ಪು. ಇದ್ದಕ್ಕಿದ್ದಂತೆ ಪಟಾಕಿ ಸಿಡಿದ ಸದ್ದು.]

ಬೆಚ್ಚಿದ್ರಾ? ಹಾಗಿದ್ದರೆ ಈಗಲೇ ನಿಮ್ಮ ಭುಜ ಎಲ್ಲಿದೆ ನೋಡಿಕೊಳ್ಳಿ. ಕಿವಿಯ ಕಡೆಗೆ ಏರಿರಬಹುದು. ಕಣ್ಣು ಒಮ್ಮೆ ಮುಚ್ಚಿ ತೆರೆಯಿತು. ಕತ್ತು ಕುಗ್ಗಿತು. ಉಸಿರು ಅರ್ಧದಲ್ಲೇ ನಿಂತಿತು. ಇದನ್ನೆಲ್ಲ ನೀವು ಯೋಚಿಸಿ ಮಾಡಲಿಲ್ಲ. ಏನು ಸದ್ದು ಅಂತ ತಲೆಗೆ ಹೊಳೆಯುವ ಮೊದಲೇ, ಅರ್ಧ ಸೆಕೆಂಡಿನೊಳಗೆ, ಮೈ ತಾನಾಗಿ ಮಾಡಿ ಮುಗಿಸಿತ್ತು.

ನಮಸ್ಕಾರ. ಇವತ್ತಿನ ವಿಡಿಯೋ ಆ ಅರ್ಧ ಸೆಕೆಂಡಿನ ಬಗ್ಗೆ, ಮತ್ತು ಅದರ ಬೆನ್ನಿಗೇ ಬರುವ ಎರಡು ಮೂರು ಸೆಕೆಂಡಿನ ಬಗ್ಗೆ.

[ದೃಶ್ಯ: ರಸ್ತೆ, ಸ್ಕೂಟರಿನ ಹ್ಯಾಂಡಲ್ ಹಿಡಿದ ಕೈ.]

ಸ್ಕೂಟರಿನಲ್ಲಿ ಹೋಗ್ತಾ ಇದ್ದೀರಿ. ನಾಯಿ ಅಡ್ಡ ಬಂತು. ಬೆಚ್ಚಿದ ಕೈ ಮುಷ್ಟಿ ಬಿಗಿಯುತ್ತದೆ, ಆ ಮುಷ್ಟಿಯೊಳಗೆ ಇರುವುದು ಬ್ರೇಕು. ಮುಂದಿನ ಬ್ರೇಕನ್ನು ಒಂದೇ ಸಲಕ್ಕೆ ಪೂರ್ತಿ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು. ನಾಯಿ ಆಗಲೇ ದಾಟಿ ಹೋಗಿರುತ್ತದೆ, ಬೀಳುವುದು ನೀವು.

ಆ ಹೊತ್ತಿಗೆ ಹಿಂದೆ ಕೂತವರು "ಗಾಬರಿ ಆಗಬೇಡ" ಅಂದರೆ ಏನು ಪ್ರಯೋಜನ? ಗಾಬರಿ ಮೊದಲು ಹಿಡಿಯುವುದು ಮೈಯನ್ನು. ಹಾಗಾಗಿ ಬಿಡಿಸಿಕೊಳ್ಳುವುದನ್ನು ಕೂಡ ಮೈಯೇ ಕಲಿಯಬೇಕು. ಚೀನಾದ ಕೆಲವು ಯುದ್ಧಕಲೆಗಳು ಇದನ್ನೇ ಹಿಡಿದು ತಲೆಮಾರುಗಟ್ಟಲೆ ಕೆಲಸ ಮಾಡಿವೆ. ತಾಯ್ ಚಿ, ಶಿಂಗ್ ಯಿ, ಬಾಗುವಾ ಈ ಮೂರನ್ನೂ ಅಲ್ಲಿ ನೇಯ್ ಜಿಯಾ ಅನ್ನುತ್ತಾರೆ. ಅಂದರೆ ಒಳಗಿನ ಮನೆತನ.

[ದೃಶ್ಯ: ಚೀನಾದ ನಕ್ಷೆ, ಹೆನಾನ್ ಪ್ರಾಂತ್ಯ.]

ತಾಯ್ ಚಿಯ ಊರು ಹೆನಾನ್ ಪ್ರಾಂತ್ಯದ ಚೆನ್ ಜಿಯಾಗೋ, ಚೆನ್ ಮನೆತನದವರ ಹಳ್ಳಿ. 1799ರಲ್ಲಿ ಹುಟ್ಟಿದ ಯಾಂಗ್ ಲು ಚಾನ್ ಅಲ್ಲಿಗೆ ಹೋಗಿ, ಚೆನ್ ಚಾಂಗ್ ಶಿಂಗ್ ಅವರಲ್ಲಿ ಕಲಿತು, ಆಮೇಲೆ ಬೀಜಿಂಗಿನಲ್ಲಿ ಕಲಿಸಿದರು. ಇವತ್ತು ಪಾರ್ಕುಗಳಲ್ಲಿ ಕಾಣುವ ನಿಧಾನದ, ಒಂದೇ ಹದದ ಚಲನೆ ಹೆಚ್ಚಾಗಿ ಹರಡಿದ್ದು ಅವರ ಮೊಮ್ಮಗ ಯಾಂಗ್ ಚೆಂಗ್ ಫು ಅವರಿಂದ. 1956ರಲ್ಲಿ ಚೀನಾ ಸರ್ಕಾರ 24 ಚಲನೆಗಳ ಚಿಕ್ಕ ರೂಪ ತಂದಿತು. 2020ರಲ್ಲಿ ತಾಯ್ ಚಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಇತಿಹಾಸ ಇಷ್ಟು ಸಾಕು, ನನಗೆ ಹೇಳಬೇಕಾಗಿರುವುದು ಬೇರೆ.

[ದೃಶ್ಯ: ಎದುರುಬದುರು ನಿಂತ ಇಬ್ಬರು. ಮಣಿಕಟ್ಟಿಗೆ ಮಣಿಕಟ್ಟು.]

ಇದು ತುಯ್ ಶೌ, ಕೈ ತಳ್ಳುವ ಅಭ್ಯಾಸ. ಇಬ್ಬರೂ ಒಂದೊಂದು ಕಾಲು ಮುಂದಿಟ್ಟು, ಮಣಿಕಟ್ಟಿನ ಹಿಂಬದಿ ತಾಗಿಸಿ ನಿಲ್ಲುತ್ತಾರೆ. ಒಬ್ಬರು ತಳ್ಳುತ್ತಾರೆ. ಹೊಸಬರ ಕೈ ತಕ್ಷಣ ಕೊರಡಿನಂತೆ ಬಿಗಿಯುತ್ತದೆ. ಎದುರಿನವರಿಗೆ ಬೇಕಾಗಿದ್ದೂ ಅದೇ. ಬಿಗಿದ ಕೈ ಅವರಿಗೆ ಹಿಡಿಕೆ ಇದ್ದ ಹಾಗೆ. ಕೈಯನ್ನು ತಳ್ಳಿದರೆ ಭುಜಕ್ಕೆ, ಅಲ್ಲಿಂದ ಬೆನ್ನಿಗೆ ತಲುಪುತ್ತದೆ. ಹಿಮ್ಮಡಿ ಏಳುತ್ತದೆ, ಎರಡು ಹೆಜ್ಜೆ ಹಿಂದೆ ಹೋಗುತ್ತೀರಿ.

ನಾನು ಮೊದಲ ತಿಂಗಳು ಪೂರ್ತಿ ಹೀಗೆ ಹಿಂದೆ ಹೋದೆ. ಶಕ್ತಿ ಸಾಲದು ಅಂದುಕೊಂಡಿದ್ದೆ. ಒಂದು ದಿನ ಕಲಿಸುವವರು ಏನೂ ಹೇಳದೆ ನನ್ನ ಬಲಭುಜದ ಮೇಲೆ ಅಂಗೈ ಇಟ್ಟರು. ಆಗಲೇ ಗೊತ್ತಾಗಿದ್ದು, ಆ ಭುಜ ಅಷ್ಟು ಹೊತ್ತೂ ಮೇಲೇ ಇತ್ತು. ಅಂಗೈಯ ಭಾರಕ್ಕೆ ಅದು ನಿಧಾನವಾಗಿ ಇಳಿಯಿತು. ಜೊತೆಗೆ ಉಸಿರೂ ಹೊರಗೆ ಬಂತು. ಮತ್ತೆ ತಳ್ಳಿದಾಗ ಸೊಂಟ ತಾನೇ ಬಾಗಿಲಿನಂತೆ ತಿರುಗಿತು, ತಳ್ಳಿದ ಬಲ ಪಕ್ಕಕ್ಕೆ ಹೋಯಿತು. ಕಾಲು ನಿಂತಲ್ಲೇ ನಿಂತಿತ್ತು.

ಈ ಸಡಿಲಕ್ಕೆ ಚೀನೀ ಭಾಷೆಯಲ್ಲಿ ಸೋಂಗ್ ಅನ್ನುತ್ತಾರೆ. ಹಳೆಯ ಲಿಪಿಯಲ್ಲಿ ಆ ಅಕ್ಷರದ ಮೇಲ್ಭಾಗದಲ್ಲಿ ಕೂದಲಿನ ಗುರುತು ಇದೆ, ಕೆಳಗೆ ಪೈನ್ ಮರದ್ದು. ಕಟ್ಟಿದ ಜಡೆ ಬಿಚ್ಚಿದಾಗ ಕೂದಲು ಇಳಿಯುತ್ತದಲ್ವಾ, ಹಾಗೆ. ಆದರೆ ಮರ ಮಾತ್ರ ನೆಟ್ಟಗೆ ನಿಂತಿರಬೇಕು. ಸೋಂಗ್ ಅಂದರೆ ಸುಮ್ನೆ ಜೋಲು ಬೀಳುವುದಲ್ಲ ಅಂತ ನಾನು ಅದನ್ನು ಹೀಗೆ ನೆನಪಿಟ್ಟುಕೊಂಡಿದ್ದೇನೆ.

ಇದಕ್ಕೂ ಗಾಬರಿಗೂ ಏನು ಸಂಬಂಧ? ತುಯ್ ಶೌನಲ್ಲಿ ಪ್ರತಿ ತಳ್ಳುವಿಕೆಯೂ ಒಂದು ಚಿಕ್ಕ ಆಘಾತ. ಬಿಗಿಯುತ್ತೀರಿ, ಬಿಗಿದದ್ದು ಗೊತ್ತಾಗುತ್ತದೆ, ಬಿಡುತ್ತೀರಿ. ಒಂದು ತಾಸಿನಲ್ಲಿ ನೂರಾರು ಸಲ. ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ, ಆಮೇಲೆ ಹೇಳದೆ ಕೇಳದೆ. ಬೆಚ್ಚುವುದು ಹೋಗುವುದಿಲ್ಲ. ಬೆಚ್ಚಿದ ಮೇಲೆ ವಾಪಸ್ ಬರುವ ಹೊತ್ತು ಕಡಿಮೆಯಾಗುತ್ತಾ ಬರುತ್ತದೆ.

[ದೃಶ್ಯ: ಮಣಿಕಟ್ಟಿನ ನಾಡಿ ಹಿಡಿದ ಬೆರಳು.]

ಉಸಿರಿನ ಪಾತ್ರವನ್ನು ನೀವೇ ಪರೀಕ್ಷಿಸಬಹುದು. ನಾಡಿ ಹಿಡಿದುಕೊಳ್ಳಿ. ಉಸಿರು ಒಳಗೆ ತೆಗೆದುಕೊಂಡಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ನಿಧಾನವಾಗಿ ಬಿಟ್ಟಾಗ ಇಳಿಯುತ್ತದೆ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಕೆಲಸ ಇದು. ಹೃದಯಕ್ಕೆ ನಿಧಾನವಾಗು ಅಂತ ನೇರವಾಗಿ ಹೇಳಲು ಆಗುವುದಿಲ್ಲ, ಉಸಿರಿನ ಮೂಲಕ ಹೇಳಿಸಬಹುದು.

ತಾಯ್ ಚಿಗೆ ಪ್ರಯೋಗದ ಪುರಾವೆಯೂ ಇದೆ, ಆದರೆ ಅದು ಗಾಬರಿಯದ್ದಲ್ಲ, ಕಾಲಿನ ಸಮತೋಲನದ್ದು. ಅಮೆರಿಕದ ಒರೆಗಾನ್‌ನಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಜನರ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನದಂತೆ 24 ವಾರ ತಾಯ್ ಚಿ ಮಾಡಿದವರ ಸಮತೋಲನ, ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಚೆನ್ನಾಗಿತ್ತು. ಬೀಳುವುದೂ ಕಡಿಮೆಯಾಗಿತ್ತು. ವಯಸ್ಸಾದವರಿಗೆ ಕಾಲು ಜಾರುವುದಕ್ಕಿಂತ ದೊಡ್ಡ ಆಪತ್ತು ಯಾವುದಿದೆ ಹೇಳಿ.

ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಮುಟ್ಟದೆಯೇ ಎದುರಾಳಿಯನ್ನು ಬೀಳಿಸುವ ವಿಡಿಯೋಗಳನ್ನು ನಂಬಬೇಡಿ. ಚಾಕು ಹಿಡಿದವರು ಬಂದರೆ ಓಡಿ. ಸಮಾಧಾನ ಇದ್ದರೆ ಯಾವ ಕಡೆ ಓಡಬೇಕು ಅನ್ನುವುದು ಕಾಣುತ್ತದೆ. ಪಾರ್ಕಿನಲ್ಲಿ ಒಬ್ಬರೇ ನಿಧಾನವಾಗಿ ಕೈ ಆಡಿಸುವುದು ಒಳ್ಳೆಯದೇ. ಆದರೆ ಯಾರೂ ನಿಮ್ಮನ್ನು ತಳ್ಳದಿದ್ದರೆ ಈ ಪಾಠ ಅರ್ಧವೇ ಆಗುತ್ತದೆ.

[ದೃಶ್ಯ: ಮೊಣಕಾಲು ತುಸು ಬಗ್ಗಿಸಿ, ಮರ ತಬ್ಬಿದಂತೆ ಕೈ ಮುಂದೆ ಹಿಡಿದು ನಿಂತವರು.]

ಜೊತೆಗಾರರು ಸಿಗುವ ತನಕ ಇದನ್ನು ಮಾಡಿ. ಜಾನ್ ಜುವಾಂಗ್, ಕಂಬದಂತೆ ನಿಲ್ಲುವುದು. ಎರಡು ನಿಮಿಷ ಸಾಕು. ಒಂದು ನಿಮಿಷ ಆಗುವಷ್ಟರಲ್ಲಿ ಭುಜ ನೋಯುತ್ತದೆ, ಮೇಲೆ ಏರುತ್ತದೆ. ಉಸಿರು ಬಿಡುತ್ತಾ ಇಳಿಸಿ. ಮತ್ತೆ ಏರುತ್ತದೆ, ಮತ್ತೆ ಇಳಿಸಿ.

ನಾಳೆ ಬೆಳಗ್ಗೆ ಕುಕ್ಕರ್ ಮೊದಲ ಸಲ ಕೂಗಿದಾಗ ಭುಜ ಎಲ್ಲಿತ್ತು, ಇಳಿಯಲು ಎಷ್ಟು ಉಸಿರು ಬೇಕಾಯಿತು, ಕಾಮೆಂಟಿನಲ್ಲಿ ಬರೆಯಿರಿ.