ಬುಗ್ಗೆಯ ಬಿಸಿನೀರಿಗೆ ವಯಸ್ಸೆಷ್ಟು?

ನಮಸ್ಕಾರ. ಬಿಸಿನೀರಿನ ಬುಗ್ಗೆಯನ್ನು ಕಂಡ ಮಗು “ಕೆಳಗೆ ಒಲೆ ಹಚ್ಚಿದವರು ಯಾರು?” ಎಂದು ಕೇಳಿದರೆ, ದೊಡ್ಡವರಾದ ನಾವು “ಜ್ವಾಲಾಮುಖಿ” ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮಟ್ಟಿಗೆ ಆ ಉತ್ತರ ಸರಿಯೇ. ಅಲ್ಲಿ ನೆಲದಡಿಯ ಶಿಲಾಪಾಕವೇ, ಅಂದರೆ ಕರಗಿದ ಬಂಡೆಯೇ, ಒಲೆ. ಆದರೆ ಅದೇ ದೇಶದ ಆರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಶಿಲಾಪಾಕದ ನೆರವಿಲ್ಲದೆಯೇ ನೀರು ಸುಮಾರು 62 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಹೊರಬರುತ್ತದೆ.

[ಪರದೆಯ ಮೇಲೆ: ಜಲಚಕ್ರದ ಚಿತ್ರ]

ಈ ಚಿತ್ರ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ವಿವರಿಸುವುದಿಲ್ಲ. ಇದರಲ್ಲಿ ನೆಲದೊಳಕ್ಕೆ ಇಳಿಯುವ ಬಾಣವು ಗಿಡದ ಬೇರಿನ ಬಳಿಯೇ ನಿಂತುಬಿಡುತ್ತದೆ ಎಂಬುದಷ್ಟೇ ನನ್ನ ತಕರಾರು. ಬಂಡೆಗಳ ಸಂದಿನಲ್ಲಿ ಇಂಗಿದ ಮಳೆನೀರು ಎರಡು ಕಿಲೋಮೀಟರ್ ಆಳಕ್ಕೂ ಇಳಿಯಬಲ್ಲದು. ಕೆಳಗಿಳಿದಂತೆ ಪ್ರತಿ ಕಿಲೋಮೀಟರಿಗೆ ಭೂಮಿಯ ಉಷ್ಣತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ಉಳಿದ ಲೆಕ್ಕವನ್ನು ಮಕ್ಕಳೇ ಮಾಡಲಿ.

ನನ್ನನ್ನು ಬೆರಗಾಗಿಸಿದ್ದು ಬಿಸಿಯಲ್ಲ, ಸಮಯ. ಆರ್ಕನ್ಸಾದ ಆ ನೀರಿನಲ್ಲಿ ಕರಗಿರುವ ಇಂಗಾಲದ ವಯಸ್ಸನ್ನು ಅಳೆದ ವಿಜ್ಞಾನಿಗಳು, ಆ ನೀರಿನ ಬಹುಭಾಗವು ಸುಮಾರು 4,400 ವರ್ಷಗಳ ಹಿಂದೆ ಮಳೆಯಾಗಿ ಸುರಿದದ್ದೆಂದು ಕಂಡುಕೊಂಡಿದ್ದಾರೆ. ಮೊಹೆಂಜೊದಾರೊದ ಬೀದಿಗಳಲ್ಲಿ ಜನರು ಓಡಾಡುತ್ತಿದ್ದ ಕಾಲದ ಮಳೆ ಇಂದು ಬುಗ್ಗೆಯಾಗಿ ಉಕ್ಕುತ್ತಿದೆ! ಅಷ್ಟು ನಿಧಾನವಾಗಿ ಇಳಿದ ನೀರು ಏರುವಾಗ ಮಾತ್ರ ಅವಸರ ಮಾಡುತ್ತದೆ. ಶಿಲಾಸ್ತರಗಳು ಮುರಿದು ಉಂಟಾದ ಬಿರುಕು ಸಿಕ್ಕೊಡನೆ, ಎತ್ತರದ ಜಾಗದಲ್ಲಿ ಇಂಗಿದ ನೀರಿನ ಒತ್ತಡವು ಅದನ್ನು ಆರಲು ಬಿಡದೆ ಮೇಲಕ್ಕೆ ತಳ್ಳುತ್ತದೆ. ಮಕ್ಕಳಿಗೆ ನೀರಿನ ಈ ನಿಧಾನ ಮತ್ತು ಅವಸರವನ್ನು ತೋರಿಸಲು ಒಲೆಯೇ ಬೇಡ. ತಳದಲ್ಲಿ ತೂತಿರುವ ಎರಡು ಲೋಟಗಳಲ್ಲಿ ಒಂದಕ್ಕೆ ನುಣುಪಾದ ಮರಳನ್ನು ತುಂಬಿ, ಇನ್ನೊಂದನ್ನು ಖಾಲಿ ಬಿಟ್ಟು, ಎರಡಕ್ಕೂ ಸಮನಾಗಿ ನೀರು ಹೊಯ್ದರೆ, ಮರಳಿನ ಲೋಟದ ಮುಂದೆ ಮಕ್ಕಳು ಕಾಯಬೇಕಾಗುತ್ತದೆ. ಆ ಕಾಯುವಿಕೆಯೇ ಇಲ್ಲಿ ಪಾಠ. (4,400 ವರ್ಷ ಕಾಯಿಸಬೇಡಿ, ಶಾಲೆಯ ಗಂಟೆ ಬಾರಿಸಿಬಿಡುತ್ತದೆ.)

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಬಿಸಿನೀರು ದಾರಿಯುದ್ದಕ್ಕೂ ಕಲ್ಲಿನ ಖನಿಜಗಳನ್ನು ಕರಗಿಸಿಕೊಂಡು ಬರುತ್ತದೆ. ಬುಗ್ಗೆಯ ಬಾಯಲ್ಲಿ ಕಾಣುವ ಬಿಳಿ ಹಕ್ಕಳೆ ಅದೇ. ದಾರಿ ಇಕ್ಕಟ್ಟಾಗಿ ಒಳಗೆ ಒತ್ತಡ ಕಟ್ಟಿಕೊಂಡರೆ ಬುಗ್ಗೆಯ ಬದಲು ಗೀಸರ್, ಅಂದರೆ ಬಿಸಿನೀರಿನ ಕಾರಂಜಿ, ಚಿಮ್ಮುತ್ತದೆ. ಯೆಲ್ಲೋಸ್ಟೋನಿನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಯ ಅಂಚಿನ ಹಳದಿ, ಕಿತ್ತಳೆ ಬಳೆಗಳು ಶಾಖ ತಾಳುವ ಸೂಕ್ಷ್ಮಜೀವಿಗಳ ಬಣ್ಣ. ನಡುವಿನ ಕಡುನೀಲಿ ಭಾಗ ಅವುಗಳಿಗೂ ತಾಳಲಾಗದಷ್ಟು ಬಿಸಿ. ಆ ಬಣ್ಣಗಳನ್ನು ಮಕ್ಕಳು ದೂರದಿಂದಲೇ ಓದಲಿ, ಏಕೆಂದರೆ ಅಂಥ ಬುಗ್ಗೆಗಳ ಸುತ್ತ ಗಟ್ಟಿಯೆಂದು ಕಾಣುವ ನೆಲವು ಕುದಿನೀರಿನ ಮೇಲಿನ ತೆಳುವಾದ ಹೊದಿಕೆಯಾಗಿರಬಹುದು.