ಮೊದಲು ಕೆರೆದುಕೊಂಡವರು ಯಾರು?

ನಮಸ್ಕಾರ. ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರು ಸೌಂಡ್ ಕಡಿಮೆ ಮಾಡುತ್ತೀರಿ ಅಂತ ಗೊತ್ತು. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ. ಹೇನಿನ ಬಗ್ಗೆ ಮಾತಾಡೋಣ. ತಲೆ ಹೇನಲ್ಲ, ಕೆಳಗಿನದು.

ಕಳೆದ ಬೇಸಿಗೆ, ಇಲ್ಲೇ ದಾವಣಗೆರೆಯಲ್ಲಿ, ಹಳೇ ಗೆಳೆಯನೊಬ್ಬ ಬೆಣ್ಣೆದೋಸೆಗೆ ಕರೆದ. ದೋಸೆ ಬಂತು. ಮೇಲಿನ ಬೆಣ್ಣೆ ಕರಗಿ ತಟ್ಟೆಗೆ ಇಳಿಯಿತು. ಇವನು ಕೈ ಹಾಕಲೇ ಇಲ್ಲ. "ಲೇ, ಒಂದ್ ವಿಷಯ ಹೇಳ್ತೀನಿ, ನಗಬಾರ್ದು ನೋಡು" ಅಂದ. ಹೆಂಡತಿಗೆ ಅಲ್ಲಿ ತುರಿಕೆ ಬಂದಿದೆ. ಡಾಕ್ಟರಮ್ಮ ನೋಡಿ ಹೇನು ಅಂದಿದ್ದಾರೆ. ಅದನ್ನು ಕೇಳಿ ಇವನ ಬಾಯಿಂದ ಬಂದ ಮೊದಲ ಮಾತು, "ನಿನಗೆ ಎಲ್ಲಿಂದ ಬಂತು?" ಆಕೆ ಅವತ್ತು ಸಂಜೆಯೇ ಬ್ಯಾಗ್ ಹಿಡಿದು ಹರಿಹರಕ್ಕೆ, ತವರುಮನೆಗೆ ಹೋಗಿಬಿಟ್ಟಳು.

ಇದನ್ನು ಹೇಳಲು ಅವನ ಒಪ್ಪಿಗೆ ಇದೆ. ಗುರುತು ಸಿಗುವಂಥ ಒಂದೆರಡು ವಿಷಯ ಬದಲಿಸಿದ್ದೇನೆ. ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ.

ಮೊದಲು ಈ ಹುಳದ ಪರಿಚಯ ಮಾಡಿಕೊಳ್ಳೋಣ. ಒಂದರಿಂದ ಎರಡು ಮಿಲಿಮೀಟರ್, ಅಷ್ಟೇ. ತಲೆ ಹೇನು ಉದ್ದಕ್ಕಿದ್ದರೆ ಇದು ಅಗಲಕ್ಕೆ. ಭೂತಗನ್ನಡಿ ಹಿಡಿದು ನೋಡಿದರೆ ಥೇಟ್ ಏಡಿ. ಹಿಂದಿನ ನಾಲ್ಕು ಕಾಲುಗಳ ತುದಿಯಲ್ಲಿ ದಪ್ಪ ಕೊಕ್ಕೆಗಳು. ಒರಟು ಕೂದಲು ಸಿಕ್ಕರೆ ಕೊಕ್ಕೆ ಹಾಕಿ ಕೂತುಬಿಡುತ್ತದೆ. ಕಂಕುಳು, ಎದೆ, ಗಡ್ಡ, ಕೆಲವೊಮ್ಮೆ ಕಣ್ಣಿನ ರೆಪ್ಪೆಯಲ್ಲೂ ಸಿಗುತ್ತದೆ. ಹಾರುವುದಿಲ್ಲ, ಜಿಗಿಯುವುದಿಲ್ಲ. ಮೈಗೆ ಮೈ ತಾಗಿ, ಕೂದಲಿಗೆ ಕೂದಲು ಸೋಕಿದಾಗ ನಿಧಾನಕ್ಕೆ ದಾಟಿಕೊಳ್ಳುತ್ತದೆ. ಮನುಷ್ಯನ ಮೈಬಿಸಿ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ನಾಯಿ ಬೆಕ್ಕಿನಿಂದ ಬರುವುದೂ ಇಲ್ಲ.

ಹಾಗಾಗಿ ಇದು ಹರಡುವುದು ಬಹುಪಾಲು ಹಾಸಿಗೆ ಸಂಬಂಧದಿಂದಲೇ. ಕಾಂಡೋಮ್ ಹಾಕಿದ್ದೆ ಅಂದರೂ ಹೇನಿಗೆ ಅದು ಲೆಕ್ಕಕ್ಕಿಲ್ಲ, ಅದು ಇರುವುದು ಕೂದಲಲ್ಲಿ. ಬೇರೆಯವರು ಆಗಷ್ಟೇ ಬಳಸಿದ ಟವೆಲ್, ಬೆಡ್‌ಶೀಟ್, ಒಳಬಟ್ಟೆಯಿಂದ ಬರುವುದು ಉಂಟು, ಅಪರೂಪಕ್ಕೆ. ಇನ್ನು ಶೌಚಾಲಯದ ಸೀಟಿನಿಂದ ಹತ್ತಿತು ಅನ್ನುವ ನೆಪ. ಆ ಕೊಕ್ಕೆ ನುಣುಪಾದ ಜಾಗದಲ್ಲಿ ನಿಲ್ಲುವುದೇ ಇಲ್ಲ. ಅದೂ ಬಸ್‌ಸ್ಟ್ಯಾಂಡ್ ಶೌಚಾಲಯ ಅನ್ನುವವರಿಗೆ ಒಂದೇ ಪ್ರಶ್ನೆ: ಅಲ್ಲಿ ಕೂರುವುದು ಕುಕ್ಕರುಗಾಲಲ್ಲಿ ಅಲ್ವಾ? ಹೇನು ಎಲ್ಲಿಂದ ಹತ್ತಬೇಕು?

ಸಂಸಾರ ಉಳಿಯಲಿ ಅಂತ "ಎಲ್ಲೋ ಲಾಡ್ಜಿನ ಬೆಡ್‌ಶೀಟಿನಿಂದ ಬಂದಿರಬೇಕು ಬಿಡಮ್ಮ" ಅನ್ನುವ ಹಿರಿಯರು ಇದ್ದಾರೆ. ಮನಸ್ಸು ಒಳ್ಳೆಯದೇ. ಆದರೆ ಆ ಹೆಣ್ಣುಮಗಳು ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿದರೆ ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಆಮೇಲೆ ಗಂಡನ ಜೊತೆ ನಿಮ್ಮನ್ನೂ ನಂಬುವುದಿಲ್ಲ.

ಆಯ್ತು, ನನ್ನ ಗೆಳೆಯನ ವಾದಕ್ಕೆ ಬರೋಣ. "ಮೊದಲು ಕೆರ್ಕೊಂಡಿದ್ದು ಅವಳು, ಅಂದ್ರೆ ತಂದಿದ್ದೂ ಅವಳೇ." ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಹೇನು ಹತ್ತಿದ ದಿನವೇ ತುರಿಕೆ ಶುರುವಾಗುವುದಿಲ್ಲ. ಅದು ಕಚ್ಚಿದಾಗ ಬಿಡುವ ಜೊಲ್ಲಿಗೆ ನಮ್ಮ ಚರ್ಮ ಎದುರು ನಿಲ್ಲಬೇಕು, ಆಗ ತುರಿಕೆ. ಮೊದಲ ಸಲ ಹತ್ತಿದವರಿಗೆ ಎರಡು ವಾರ, ಕೆಲವೊಮ್ಮೆ ಒಂದು ತಿಂಗಳೇ ಬೇಕು. ಹಿಂದೆ ಯಾವಾಗಲಾದರೂ ಹತ್ತಿದ್ದವರಿಗೆ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ಕೆಲವರಿಗೆ ತುರಿಕೆ ತೀರಾ ಕಡಿಮೆ, ಬೆವರಿನ ಉರಿ ಅಂತ ಸುಮ್ಮನಿದ್ದುಬಿಡುತ್ತಾರೆ. ಅಷ್ಟರಲ್ಲಿ ಇಟ್ಟ ಸೀರುಗಳು ಆರರಿಂದ ಹತ್ತು ದಿನದಲ್ಲಿ ಒಡೆದು ಇನ್ನೊಂದು ತಲೆಮಾರು ಎದ್ದಿರುತ್ತದೆ.

ಇಷ್ಟು ಹೇಳಿದೆ. ಗೆಳೆಯ ಸುಮ್ಮನಾದ. ಆಮೇಲೆ ಚಟ್ನಿ ಕಡೆ ನೋಡುತ್ತಾ ಹೇಳಿದ, "ನನಗೂ ತಿಂಗಳ ಹಿಂದೆ ಸ್ವಲ್ಪ ತುರಿಕೆ ಇತ್ತು ಕಣೋ. ಸೆಕೆಗೆ ಅಂದ್ಕೊಂಡೆ. ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ಕೊಟ್ಟ, ಹಚ್ಚಿದ್ಮೇಲೆ ಹೋಯ್ತು."

ಯಾವ ಟ್ಯೂಬ್ ಅಂತ ನೋಡಿದೆ. ಸ್ಟೀರಾಯ್ಡ್ ಬೆರೆತ ಮುಲಾಮು. ತುರಿಕೆ ಅಂದರೆ ಸಾಕು, ಚೀಟಿ ಇಲ್ಲದೆ ಪೇಪರಲ್ಲಿ ಸುತ್ತಿ ಕೊಡುತ್ತಾರಲ್ಲ, ಅದೇ. ಅದರಿಂದ ಹೇನು ಸಾಯುವುದಿಲ್ಲ. ತುರಿಕೆ ಅಡಗುತ್ತದೆ, ಅಷ್ಟೇ. ಇವನ ತುರಿಕೆ ಟ್ಯೂಬಿನ ಕೆಳಗೆ ಅಡಗಿ ಕೂತಿತ್ತು, ಆಕೆಯದ್ದು ಡಾಕ್ಟರ ಮುಂದೆ ಬಂತು. ಆರೋಪ ಬಿದ್ದಿದ್ದು ಡಾಕ್ಟರ ಹತ್ತಿರ ಹೋದವಳ ಮೇಲೆ.

ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ, ಎರಡು ತಿಂಗಳ ಹಿಂದೆ ಹುಬ್ಬಳ್ಳಿಗೆ ಹೋಗಿದ್ದೆ ಅಂತ. ಅದರಾಚೆ ಏನೂ ಹೇಳಲಿಲ್ಲ, ಬೇಕಾಗಲೂ ಇಲ್ಲ.

ನನಗೆ ಸಿಟ್ಟು ಬಂದಿದ್ದು ಹುಬ್ಬಳ್ಳಿಗಿಂತ ಜಾಸ್ತಿ ಆ ಪ್ರಶ್ನೆಗೆ. ಹೋಗಿಬಂದದ್ದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ "ನಿನಗೆ ಎಲ್ಲಿಂದ ಬಂತು" ಅಂತ ಕೇಳಿದ. ನಮ್ಮ ಕಡೆ ಗಂಡಸರಿಗೆ ಇದು ಬಾಯಿಪಾಠ. ಮನೆಯಲ್ಲಿ ಏನೇ ರೋಗ ಕಂಡರೂ ಲೆಕ್ಕ ಮೊದಲು ಹೆಂಡತಿ ಕೊಡಬೇಕು.

ಈಗ ತೊಂದರೆ ಏನೆಂದರೆ, ಈ ಹೇನನ್ನು ಗುಟ್ಟಾಗಿ ಓಡಿಸಲು ಆಗುವುದಿಲ್ಲ. ಒಬ್ಬರು ಮಾತ್ರ ಔಷಧಿ ಹಚ್ಚಿಕೊಂಡರೆ ಇನ್ನೊಬ್ಬರಿಂದ ಮತ್ತೆ ವಾಪಸ್ ಬರುತ್ತದೆ. ಇಬ್ಬರೂ ಒಟ್ಟಿಗೆ ಹಚ್ಚಬೇಕು. ಹಿಂದಿನ ಒಂದು ತಿಂಗಳಲ್ಲಿ ಬೇರೆ ಯಾರ ಜೊತೆಗಾದರೂ ಸಂಬಂಧ ಇದ್ದರೆ ಅವರಿಗೂ ಹೇಳಬೇಕು. ಔಷಧಿ ದೊಡ್ಡದೇನಲ್ಲ. ಒಂದು ಪರ್ಸೆಂಟಿನ ಪರ್ಮೆಥ್ರಿನ್ ಲೋಶನ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯುವುದು. ಒಂದು ವಾರ, ಹತ್ತು ದಿನ ಬಿಟ್ಟು ಮತ್ತೆ ನೋಡಿ, ಉಳಿದಿದ್ದರೆ ಇನ್ನೊಂದು ಸಲ. ರೆಪ್ಪೆಗೆ ಮಾತ್ರ ಅದನ್ನು ಹಚ್ಚಬಾರದು, ಡಾಕ್ಟರನ್ನು ಕೇಳಿ. ಹಾಸಿಗೆ ಬಟ್ಟೆ, ಟವೆಲ್ ಬಿಸಿನೀರಲ್ಲಿ ಒಗೆಯಿರಿ. ಸೀಮೆಎಣ್ಣೆ, ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿ ಇವನ್ನೆಲ್ಲ ಆ ಜಾಗಕ್ಕೆ ತರಬೇಡಿ, ದಯವಿಟ್ಟು. ಹೇನು ತಾನಾಗಿ ಬೇರೆ ರೋಗ ಹರಡುವುದಿಲ್ಲ. ಆದರೆ ಅದು ಬಂದ ದಾರಿಯಲ್ಲೇ ಬೇರೆಯವೂ ಬರಬಹುದು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿಸಿಬಿಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ದುಡ್ಡು ಬೇಕಿಲ್ಲ.

ಕೂರೆಗೆ ಹೆದರಿ ಸೀರೆ ಬಿಸಾಡಿದಳಂತೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಸೀರೆ ಬೇಕೋ ಬೇಡವೋ ಅನ್ನುವುದು ಉಟ್ಟವಳ ತೀರ್ಮಾನ, ಅಜ್ಜಿದೂ ಅಲ್ಲ, ನಂದೂ ಅಲ್ಲ. ಮೊದಲು ಕೂರೆ ಹೋಗಲಿ.

ಗೆಳೆಯ ಮಾರನೇ ದಿನ ಎರಡು ಬಾಟಲಿ ಲೋಶನ್ ಹಿಡಿದು ಹರಿಹರಕ್ಕೆ ಹೋದ. ಹುಬ್ಬಳ್ಳಿ ವಿಷಯ ಹೇಳಿದನಂತೆ. ಆಕೆ ಬಾಗಿಲು ಹಾಕಿಕೊಂಡು ಎರಡು ಗಂಟೆ ಹೊರಗೆ ಬರಲಿಲ್ಲ. ನಾಲ್ಕು ದಿನ ಬಿಟ್ಟು ಮನೆಗೆ ಬಂದಳು. ಈಗಲೂ ಬೇರೆ ರೂಮಿನಲ್ಲೇ ಮಲಗುತ್ತಾಳೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಸುತ್ತು ಹಾಕಿದ್ದಳಂತೆ. ಏನದು ಅಂತ ಇವನು ಕೇಳಿದ್ದಕ್ಕೆ, "ಎರಡನೇ ಸಲ ನೋಡೋ ದಿನ. ಇಬ್ರದ್ದೂ" ಅಂದಳಂತೆ.