ಖಲಾಸಿಗಳು ಕಲಿಸಿದ ಕಡಲು

ಎಲ್ಲರಿಗೂ ನಮಸ್ಕಾರ.

ಮರ್ಚಂಟ್ ನೇವಿ ಅಂದ ಕೂಡಲೇ ನಮ್ಮ ಕರಾವಳಿಯಲ್ಲೂ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟು ದೇಶ ನೋಡಿದಿರಿ? ಬಿಳಿ ಯೂನಿಫಾರ್ಮಿನ ಫೋಟೋ ಇದೆಯಾ? ಫೋಟೋ ಇದೆ, ಸ್ಟುಡಿಯೋದಲ್ಲಿ ತೆಗೆಸಿದ್ದು. ಕೆಡೆಟ್, ಅಂದರೆ ತರಬೇತಿಯಲ್ಲಿರುವ ಅಧಿಕಾರಿ, ಆಗಿದ್ದಷ್ಟು ಕಾಲ ಹಡಗಿನ ಮೇಲೆ ನಾನು ತೊಟ್ಟದ್ದು ಮೈಪೂರ್ತಿ ಮುಚ್ಚುವ ಬಾಯ್ಲರ್ ಸೂಟು. ತುಕ್ಕು, ಗ್ರೀಸು, ಪೇಂಟು ಮೆತ್ತಿ ಅದರ ಮೂಲ ಬಣ್ಣ ಯಾವುದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ನಾನು ಹಡಗು ಹತ್ತಿದ್ದು 1980ರ ದಶಕದ ಆರಂಭದಲ್ಲಿ, ವಿಶಾಖಪಟ್ಟಣದಲ್ಲಿ. ಕಬ್ಬಿಣದ ಅದಿರು ತುಂಬಿಕೊಂಡು ಜಪಾನಿಗೆ ಹೋಗುವ ಬಲ್ಕ್ ಕ್ಯಾರಿಯರ್ ಅದು, ಅಂದರೆ ಸರಕನ್ನು ಮೂಟೆ ಕಟ್ಟದೆ ಹಾಗೇ ಸುರಿದು ಒಯ್ಯುವ ಹಡಗು. ಆಗ ಹಡಗು ನಡೆಸುವ ಡೆಕ್ ಅಧಿಕಾರಿಯಾಗಲು ಎರಡು ದಾರಿಗಳಿದ್ದವು. ಕೆಲವರು ಮುಂಬೈಯಲ್ಲಿದ್ದ ‘ರಾಜೇಂದ್ರ’ ತರಬೇತಿ ಹಡಗಿನಲ್ಲಿ ಓದಿ ಬರುತ್ತಿದ್ದರು. ಅದಕ್ಕೂ ಮುಂಚೆ, 1927ರಿಂದ, ಅಲ್ಲಿ ‘ಡಫರಿನ್’ ಇತ್ತು. ಇನ್ನು ಕೆಲವರು, ನನ್ನ ಹಾಗೆ ಪಿಯುಸಿ ಮುಗಿಸಿ, ಕಂಪನಿಯ ಅಪ್ರೆಂಟಿಸ್ ಆಗಿ ನೇರ ಹಡಗಿಗೇ ಬಂದು ಬೀಳುತ್ತಿದ್ದರು. ‘ರಾಜೇಂದ್ರ’ದವರಿಗೆ ಹಗ್ಗದ ಗಂಟುಗಳಾದರೂ ಗೊತ್ತಿರುತ್ತಿದ್ದವು. ನಮಗೆ ಅದೂ ಇಲ್ಲ.

ಕೆಡೆಟ್‌ಗೆ ಊಟ ಅಧಿಕಾರಿಗಳ ಜೊತೆ, ಕೆಲಸ ಡೆಕ್‌ನ ಕೆಲಸಗಾರರಾದ ಖಲಾಸಿಗಳ ಜೊತೆ. ಪರೀಕ್ಷೆಗೆ ಬೇಕಾದದ್ದನ್ನು ಅಧಿಕಾರಿಗಳು ಕಲಿಸಿದರು, ನಿಜ. ಆದರೆ ಪರೀಕ್ಷೆ ಬರೆಯುವ ತನಕ ಬದುಕಿರುವುದು ಹೇಗೆಂದು ಕಲಿಸಿದವರು ಖಲಾಸಿಗಳು. ಅವರ ಹೆಸರು ಯಾವ ಸರ್ಟಿಫಿಕೇಟಿನಲ್ಲೂ ಇರುವುದಿಲ್ಲವಾದ್ದರಿಂದ ಇವತ್ತು ಅವರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ನಮ್ಮ ಸಾರಂಗ್ ರತ್ನಾಗಿರಿಯವರು. ಡೆಕ್‌ನ ಕೆಲಸಗಾರರಿಗೆಲ್ಲ ಅವರೇ ಯಜಮಾನ. ಚುಕ್ಕಾಣಿ ಹಿಡಿಯುವ ಸುಖಾನಿಗಳಲ್ಲಿ ಒಬ್ಬರು ಲಕ್ಷದ್ವೀಪದ ಮಿನಿಕಾಯ್‌ನವರು. ಅಡುಗೆಯವರು ಗೋವಾದವರು. ಮೀನಿನ ಸಾರು ಬಹಳ ಚೆನ್ನಾಗಿ ಮಾಡುತ್ತಿದ್ದರು, ಕುಚ್ಚಲಕ್ಕಿ ಅನ್ನ ಮಾತ್ರ ಕೇಳುವ ಹಾಗಿರಲಿಲ್ಲ. ಡೆಕ್‌ನ ಭಾಷೆ ಹಿಂದಿಯೇ, ಆದರೆ ‘ಹಬೇಸ್’ ಅಂದರೆ ಎತ್ತು, ‘ಆರಿಯಾ’ ಅಂದರೆ ಇಳಿಸು ಎಂಬಂಥ ಹಳೆಯ ಬಂದರು ಮಾತುಗಳು ತಲೆಗೆ ಹತ್ತುವ ತನಕ ಹಗ್ಗದ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ.

ಆ ಹಗ್ಗ ಸಾಮಾನ್ಯದ್ದಲ್ಲ. ಹಡಗನ್ನು ಧಕ್ಕೆಗೆ ಕಟ್ಟುವ ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ತುಂಡಾದರೆ ಹಿಗ್ಗಿದ ಅಷ್ಟೂ ಬಲದಿಂದ ಹಿಂದಕ್ಕೆ ಬೀಸುತ್ತದೆ. ಕಣ್ಣು ರೆಪ್ಪೆ ಬಡಿಯುವಷ್ಟು ಸಮಯವೂ ಸಿಗುವುದಿಲ್ಲ. ಎಲ್ಲಿ ನಿಲ್ಲಬೇಕೆಂದು ಸಾರಂಗ್ ಹೇಳುತ್ತಿರಲಿಲ್ಲ, ಎಲ್ಲಿ ನಿಲ್ಲಬಾರದೆಂದು ಕೂಗುತ್ತಿದ್ದರು. ಸುರುಳಿಯೊಳಗೆ ಕಾಲಿಟ್ಟರೆ ಕಾಲರ್ ಹಿಡಿದೇ ಈಚೆಗೆ ಎಳೆಯುತ್ತಿದ್ದರು. ಮರುಗಳಿಗೆ ಮತ್ತೆ ‘ಕೆಡೆಟ್ ಸಾಬ್’ ಎಂದು ಮರ್ಯಾದೆ!

ಟ್ಯಾಂಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಡಗಿನ ಸಮತೋಲಕ್ಕೆ ಸಮುದ್ರದ ನೀರು ತುಂಬುವುದು ಬ್ಯಾಲಾಸ್ಟ್ ಟ್ಯಾಂಕಿಗೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಆ ಟ್ಯಾಂಕಿನೊಳಗೆ ಉಕ್ಕಿನ ಗೋಡೆ ತುಕ್ಕು ಹಿಡಿಯುತ್ತಲೇ ಇರುತ್ತದೆ. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ಆಮ್ಲಜನಕವನ್ನು ತನ್ನೊಳಗೆ ಸೇರಿಸಿಕೊಳ್ಳುವುದು. ನಾವೀಗ ಉಸಿರಾಡುತ್ತಿರುವ ಗಾಳಿಯಲ್ಲಿ ಅದು ಸುಮಾರು ಶೇ. 21 ಇದೆ. ಟ್ಯಾಂಕಿನಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿದಿದ್ದರೂ ವಾಸನೆ ಇಲ್ಲ, ಕೆಮ್ಮು ಇಲ್ಲ, ಏನೂ ಇಲ್ಲ. ಏಣಿ ಇಳಿದವನು ಹಾಗೇ ಕುಸಿಯುತ್ತಾನೆ. ಅವನನ್ನು ಎತ್ತಲು ಅವಸರದಿಂದ ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಹಡಗುಗಳಲ್ಲಿ ಎಷ್ಟೋ ಸಾವು ಹೀಗೇ ಜೋಡಿಯಾಗಿ ಆಗಿವೆ. ಈಗ ಆಮ್ಲಜನಕ ಅಳೆಯುವ ಮೀಟರು, ಲಿಖಿತ ಪರ್ಮಿಟ್ಟು ಎಲ್ಲ ಬಂದಿದೆ. ನಮ್ಮ ಸಾರಂಗ್‌ಗೆ ಆಮ್ಲಜನಕ ಎಂಬ ಮಾತೇ ಗೊತ್ತಿತ್ತೋ ಇಲ್ಲವೋ. ಮುಚ್ಚಳ ತೆರೆಸಿ, ಬ್ಲೋವರ್ ಹಚ್ಚಿಸಿ, ಆ ಬಾಯಿಯ ಅಂಚಿಗೇ ಕೂತು ಬೀಡಿ ಕೂಡ ಸೇದದೆ ಕಾಯುತ್ತಿದ್ದರು. ಕ್ಯಾಪ್ಟನ್ ನಂತರದ ಅಧಿಕಾರಿಯಾದ ಚೀಫ್ ಆಫೀಸರ್ ಬಂದು ತಡವಾಯಿತು ಅಂದರೂ ಏಳುತ್ತಿರಲಿಲ್ಲ. “ಅಂದರ್ ಹವಾ ನಹೀ ಹೈ, ಸಾಬ್” ಅನ್ನುವುದೊಂದೇ ಉತ್ತರ.

ಅದಿರು ಬಹಳ ಭಾರ. ಸರಕು ತುಂಬುವ ಹೋಲ್ಡಿನ ತಳದಲ್ಲಿ ಒಂದಿಷ್ಟು ಗುಡ್ಡೆ ಬೀಳುವಷ್ಟರಲ್ಲೇ ಹಡಗು ಲೋಡ್‌ಲೈನ್ ಗೆರೆಯ ತನಕ, ಅಂದರೆ ಮುಳುಗಬಹುದಾದ ಮಿತಿಯ ತನಕ, ಮುಳುಗಿರುತ್ತದೆ. ತೂಕವೆಲ್ಲ ತಳದಲ್ಲಿದ್ದರೆ ಹಡಗು ಸುಲಭಕ್ಕೆ ಮಗುಚುವುದಿಲ್ಲ, ಒಳ್ಳೆಯದೇ. ಆದರೆ ಓಲಾಡುವಾಗ ಝಟ್ಟೆಂದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ತಟ್ಟೆ ಜಾರದಿರಲು ಮೇಜಿನ ಬಟ್ಟೆಗೆ ನೀರು ಚಿಮುಕಿಸಿ ಊಟಕ್ಕೆ ಕೂರುತ್ತಿದ್ದೆವು. ವಾಂತಿ ಮಾಡಿದೆನೇ ಎಂದು ಕೇಳಬೇಡಿ, ಎಲ್ಲರೂ ಮಾಡುತ್ತಾರೆ. ಅದಕ್ಕಿಂತ ಕಷ್ಟದ್ದು ಅದಿರು ಇಳಿಸಿದ ಮೇಲೆ ಧಾನ್ಯ ತುಂಬಬೇಕಾದಾಗಿನ ಕೆಲಸ. ಹೋಲ್ಡನ್ನು ಗುಡಿಸಿ, ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಸಿಹಿನೀರು ಹಾಯಿಸಿ, ಸಡಿಲಾದ ತುಕ್ಕಿನ ಚಕ್ಕೆಯೊಂದೂ ಉಳಿಯದಂತೆ ಕೆರೆಯಬೇಕು. ತಪಾಸಣೆಗೆ ಬಂದ ಸರ್ವೇಯರ್ ಬೆರಳಾಡಿಸಿ ತಲೆ ಅಲ್ಲಾಡಿಸಿದರೆ ಎಲ್ಲ ಮೊದಲಿಂದ.

ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನ ಕಲಿಕೆ ಬೇರೆ ಲೋಕ. ಬೆಳಗ್ಗೆ, ಸಂಜೆ ನಾಲ್ಕರಿಂದ ಎಂಟರ ವಾಚ್, ಅಂದರೆ ಪಾಳಿ, ಚೀಫ್ ಆಫೀಸರ್‌ದು. ಕೋನ ಅಳೆಯುವ ಸೆಕ್ಸ್ಟಂಟ್‌ನಲ್ಲಿ ನಕ್ಷತ್ರದ ಎತ್ತರ ಅಳೆಯಲು ನಕ್ಷತ್ರವೂ ಕಾಣಬೇಕು, ಕಡಲಂಚಿನ ಗೆರೆಯೂ ಕಾಣಬೇಕು. ಎರಡೂ ಒಟ್ಟಿಗೆ ಕಾಣುವುದು ಮುಂಜಾವ ಮತ್ತು ಮುಸ್ಸಂಜೆಯ ಕೆಲವೇ ನಿಮಿಷ. ಧ್ರುವ ನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ನಾವಿರುವ ಅಕ್ಷಾಂಶ. ಮಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ ಎತ್ತರದಲ್ಲಿ, ತೆಂಗಿನ ಮರಗಳ ಮರೆಯಲ್ಲೇ ಇರುತ್ತದೆ. ಯೊಕೊಹಾಮಾ ಹತ್ತಿರವಾದಂತೆ 35ರ ತನಕ ಏರುತ್ತದೆ. ಅಲುಗದ ಧ್ರುವನ ಕಥೆ ಕೇಳಿ ಬೆಳೆದ ನನಗೆ, ಅದೂ ಧ್ರುವಬಿಂದುವಿನಿಂದ ಒಂದು ಡಿಗ್ರಿಯೊಳಗೆ ಪಕ್ಕಕ್ಕಿದೆ, ದಿನಕ್ಕೊಂದು ಪುಟ್ಟ ಸುತ್ತು ಹಾಕುತ್ತದೆ, ಆ ವ್ಯತ್ಯಾಸವನ್ನು ನಾವಿಕರ ಪಂಚಾಂಗವಾದ ಆಲ್ಮನಾಕ್ ನೋಡಿ ಸರಿಪಡಿಸಬೇಕು ಎಂದಾಗ ಸ್ವಲ್ಪ ಬೇಸರವೇ ಆಯಿತು. ಮಿನಿಕಾಯ್‌ನ ಸುಖಾನಿಗೆ ಹೇಳಿದೆ. ಚುಕ್ಕಾಣಿಯಿಂದ ಕಣ್ಣು ಕೀಳದೆ ನಕ್ಕರು. ಅಂಗೈ ಚಾಚಿ ಬೆರಳೆಣಿಸಿ ಅಕ್ಷಾಂಶ ಹೇಳಿದರು. ಒಂದೆರಡು ಡಿಗ್ರಿ ಆಚೀಚೆ, ಅಷ್ಟೇ.

ಪೂರ್ವಕ್ಕೆ ಹೋಗುವಾಗ ಗಡಿಯಾರ ಮುಂದಕ್ಕೆ ತಿರುಗಿಸುತ್ತಾರೆ. ಜಪಾನ್ ತಲುಪುವಷ್ಟರಲ್ಲಿ ಮೂರೂವರೆ ಗಂಟೆ ನಿದ್ದೆ ಹೋಗಿರುತ್ತದೆ. ವಾಪಸು ಬರುವಾಗ ಸಿಗುತ್ತದೆ, ಬಡ್ಡಿ ಇಲ್ಲದೆ.

ನಿಮ್ಮಲ್ಲಿ ಯಾರಿಗಾದರೂ ಈ ಕಡೆ ಬರುವ ಮನಸ್ಸಿದ್ದರೆ ಈಗ 2008ರಲ್ಲಿ ಶುರುವಾದ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ ಇದೆ, ಅದರ ಪ್ರವೇಶ ಪರೀಕ್ಷೆ ಬರೆಯಬಹುದು. ಹುಡುಗಿಯರೂ ಬನ್ನಿ, ಬರುತ್ತಿದ್ದಾರೆ. ಹಡಗು ಕೊಡಿಸುತ್ತೇನೆಂದು ಮೊದಲೇ ದುಡ್ಡು ಕೇಳುವ ಏಜೆಂಟನ ಹತ್ತಿರ ಹೋಗಬೇಡಿ. ಶುಲ್ಕ ಕಟ್ಟುವ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ರಾತ್ರಿ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದು ಅದರ ಎಡಬದಿಯ ಕೆಂಪು, ಬಲಬದಿಯ ಹಸಿರು ದೀಪದಿಂದ. ಅದು ಕಾಣದಿದ್ದರೆ ಡೆಕ್ ಕಡೆ ಬರಲಾಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.